ಮಂದ ಬೆಳಕಿನ ಹದಿನಾರು ಫೋಟೋ

"ಇವರು ಯಾರು?"

ಕೌಂಟರ್ ಮೇಲೆ ಫೋಟೋ ಇಟ್ಟು ಕೇಳಿದವನ ದನಿ ಏರಿರಲಿಲ್ಲ. ಆದರೂ ಫಾಂಗ್-ಯಿ ಕೈಯಲ್ಲಿದ್ದ ಕೆಲಸ ಬಿಟ್ಟು ತಲೆಯೆತ್ತಿದಳು.

"ನಿಮ್ಮ ಅಜ್ಜಿ ಅಲ್ವಾ? ನೀವೇ ಕೊಟ್ಟಿದ್ದು..."

"ನಮ್ಮಜ್ಜಿಗೆ ಎಂಬತ್ತೊಂದು. ಇಲ್ಲಿ ಒಂದು ಸುಕ್ಕಿಲ್ಲ. ಕೈಯಲ್ಲಿರೋ ಕಸೂತಿಯಲ್ಲಿ ಒಂದು ಹೊಲಿಗೆ ಕಾಣಲ್ಲ. ಮೇಣದ ಗೊಂಬೆ ಮಾಡಿಟ್ಟಿದ್ದೀರಿ."

ತೈನಾನ್ ಊರಿನ ಆ ಫೋಟೋ ಅಂಗಡಿಯಲ್ಲಿ ಆರು ವರ್ಷ ಕಳೆದಿದ್ದ ಅವಳಿಗೆ ಯಾರೂ ಹೀಗೆ ಹೇಳಿರಲಿಲ್ಲ. ಮಬ್ಬು ಕೋಣೆಯಲ್ಲಿ ತೆಗೆದ ಆ ಚಿತ್ರದ ತುಂಬ, ಬೆಳಕು ಸಾಲದೆ, ಕೆಂಪು, ಹಸಿರು ಚುಕ್ಕೆ ಮುತ್ತಿದ್ದವು. ಕಂಪ್ಯೂಟರಿನಲ್ಲಿ ಅವನ್ನೆಲ್ಲ ಒರೆಸಿ ತೆಗೆದಿದ್ದಳು. ಜತೆಗೆ ಸುಕ್ಕೂ ಹೋಗಿತ್ತು, ಚಿನ್ನದ ನೂಲೂ ಹೋಗಿತ್ತು.

"ಫ್ಲಾಶ್ ಹಾಕಿ ಇನ್ನೊಂದು ತೆಗೀರಿ."

"ಕಣ್ಣಿನ ಆಪರೇಷನ್ ಆಗಿದೆ, ಬೆಳಕು ಬಿದ್ರೆ ನೋವು. ತಿಂಗಳ ಕೊನೆಗೆ ಮದುವೆ, ಅದಕ್ಕೇ ಹೊಲೀತಿದ್ದಾರೆ. ಇದೇ ಕೊನೇ ಕಸೂತಿ ಅಂತಾರೆ." ಕುವೋ-ಲಿಯಾಂಗ್ ಎಂಬ ಆ ಯುವಕ ಫೋಟೋ ಅಲ್ಲೇ ಬಿಟ್ಟು ಹೊರಟ.

ಇವನ ಮದುವೆ ಇರಬೇಕು. ಸರಿ, ನನಗೇನು...

ಆದರೆ ಅಳಿಸಿಹೋದ ಆ ಹೊಲಿಗೆ ಹೇಗಿದ್ದಿರಬಹುದು? ಮೂಲ ಚಿತ್ರವನ್ನು ದೊಡ್ಡದು ಮಾಡಿ, ಮತ್ತೆ ಮತ್ತೆ ನೋಡಿದಳು. ಮನಸ್ಸು ತಡೆಯಲಿಲ್ಲ. ಭಾನುವಾರ ಮಧ್ಯಾಹ್ನ ರಸೀದಿಯಲ್ಲಿದ್ದ ವಿಳಾಸ ಹಿಡಿದು, ಕ್ಯಾಮೆರಾ, ಟ್ರೈಪಾಡ್ ಹೊತ್ತು ಅವನ ಮನೆಗೇ ಹೋದಳು.

"ಒಂದಲ್ಲ, ಹದಿನಾರು ತೆಗೀಬೇಕು. ಚುಕ್ಕೆ ಒಂದೊಂದು ಸಲ ಒಂದೊಂದು ಕಡೆ ಬೀಳುತ್ತೆ. ಹೊಲಿಗೆ ಇದ್ದಲ್ಲೇ ಇರುತ್ತೆ. ಎಲ್ಲಾ ಸೇರಿಸಿ ಸರಾಸರಿ ಮಾಡಿದ್ರೆ ಚುಕ್ಕೆ ಅಡಗುತ್ತೆ. ಆದ್ರೆ ಯಾರೂ ಅಲುಗಾಡಬಾರದು."

"ಕೂತು ಕೂತೇ ಮುದುಕಿಯಾದವಳಿಗೆ ಹೇಳ್ತೀಯಾ?" ಅಜ್ಜಿ ನಕ್ಕರು. "ಬಾ ಮಗಳೇ, ಈ ಕಸೂತಿ ಚೌಕಟ್ಟಿನ ತುದಿ ಹಿಡ್ಕೊ. ಬಟನ್ ಅವನು ಒತ್ತಲಿ."

ಆಮೇಲೆ ಸೀಬೆಹಣ್ಣಿನ ತಟ್ಟೆ ಪಕ್ಕಕ್ಕಿಟ್ಟುಕೊಂಡು ಅವಳು ಲ್ಯಾಪ್‌ಟಾಪ್ ತೆರೆದಳು. ಹದಿನಾರು ಚಿತ್ರಗಳು ಸೇರಿ ಒಂದಾದವು. ಚುಕ್ಕೆಗಳು ಕರಗಿದವು. ಅಜ್ಜಿಯ ಹಣೆಯ ಗೆರೆಗಳು, ಕಸೂತಿಯ ಡ್ರ್ಯಾಗನ್‌ನ ಬೆನ್ನಿನ ಒಂದೊಂದು ಚಿನ್ನದ ಎಳೆ... ಎಲ್ಲ ಎದ್ದು ಬಂದವು.

ಕುವೋ-ಲಿಯಾಂಗ್ ಪರದೆಯ ಹತ್ತಿರಕ್ಕೆ ಬಗ್ಗಿದ.

"ಇವರು ನಮ್ಮಜ್ಜಿ," ಎಂದ. "ಆದ್ರೆ ನೀವ್ಯಾಕೆ ಹೊಗೆ ಥರ ಬಂದಿದ್ದೀರಿ? ಅಲುಗಾಡಬಾರದು ಅಂದೋರು ನೀವೇ."

ಅವಳು ಲ್ಯಾಪ್‌ಟಾಪ್ ಮುಚ್ಚುವಷ್ಟರಲ್ಲಿ ಅವನೇ ಒಂದೊಂದಾಗಿ ಚಿತ್ರ ಸರಿಸಿದ. ಮೂರನೆಯದರಲ್ಲಿ ಅವಳ ಮುಖ ಕ್ಯಾಮೆರಾದ ಹಿಂದಿದ್ದ ಅವನತ್ತ. ಏಳರಲ್ಲಿ ತಲೆ ತಗ್ಗಿತ್ತು. ಒಂಬತ್ತರಲ್ಲಿ ಮತ್ತೆ ಅವನತ್ತ.

"ತಪ್ಪಾಯ್ತು," ಅವಳು ಲ್ಯಾಪ್‌ಟಾಪ್ ತನ್ನತ್ತ ಎಳೆದುಕೊಂಡಳು. "ಮದುವೆ ಆಗೋರನ್ನ ಹಾಗೆ ನೋಡಬಾರದಿತ್ತು."

"ಯಾರ ಮದುವೆ?"

"ನಿಮ್ಮದು..."

"ನನ್ನ ತಂಗೀದು ರೀ."

"ಇವನನ್ನ ಯಾರು ಒಪ್ತಾರೆ?" ಒಳಗಿನಿಂದ ಅಜ್ಜಿಯ ದನಿ ಬಂತು.

ಫಾಂಗ್-ಯಿಗೆ ನಗು, ಅಳು ಒಟ್ಟಿಗೇ ಬಂದವು. ಮುಖ ತಿರುಗಿಸಲೆಂದು ಪರದೆ ನೋಡಿದಳು. ಹದಿನಾರರ ಮುಂದೆಯೂ ಚಿತ್ರಗಳಿದ್ದವು. ಹದಿನೇಳು... ಮೂವತ್ತು... ನಲವತ್ತು.

"ಇಷ್ಟು ಯಾಕೆ ತೆಗೆದ್ರಿ?"

ಅವನು ಕತ್ತು ಕೆರೆದುಕೊಂಡ. "ನೀವು ನೋಡ್ತಾನೇ ಇದ್ರಿ... ನಿಲ್ಲಿಸೋಕೆ ಮನಸ್ಸು ಬರಲಿಲ್ಲ."

ಅವನು ಸೀಬೆಹಣ್ಣಿನ ತಟ್ಟೆಯನ್ನು ಅವಳತ್ತ ಸರಿಸಿದ.

"ಮುಂದಿನ ಭಾನುವಾರ ಬರ್ತೀರಾ?"

"ಕ್ಯಾಮೆರಾ ತರಲಾ?"

"ಬೇಡ," ಎಂದ. "ನೀವು ಬಂದ್ರೆ ಸಾಕು."