ಎರಡನೇ ಶೆಡ್ಡಿನ ಉಸಿರು

2024ರ ಮಾರ್ಚ್ 11, ಸೋಮವಾರ ಬೆಳಿಗ್ಗೆ ಕೊಹಿನೂರು ಗ್ರಾಮದ ಆಮ್ರಪಾಲಿ ಹುಮನಾಬಾದ್ ಠಾಣೆಗೆ ಬಂದು ದೂರು ಕೊಟ್ಟಳು. ಅವಳ ಗಂಡ ಅಜೀತ ಔಷಧ ಕಾರ್ಖಾನೆಯ ಎರಡನೇ ಶೆಡ್ಡಿನಲ್ಲಿ ಉಸಿರುಕಟ್ಟಿ ಸತ್ತಿದ್ದ. ಬೀಡಿಯ ಚಟದಿಂದ ಸತ್ತನೆಂದು ಕಾರ್ಖಾನೆಯವರು ಬರೆದು ತಂದು ಅವಳ ಸಹಿ ಕೇಳಿದ್ದರು.

“ಅವ ಬೀಡಿ ಮುಟ್ಟಿದಾಂವಲ್ರಿ,” ಎಂದಳು. “ಸತ್ತವನ ಮ್ಯಾಲ ಸುಳ್ಳ ಹೇಳಾಕತ್ತಾರ. ನಾ ಒಪ್ಪಂಗಿಲ್ಲ.”

ಇನ್‌ಸ್ಪೆಕ್ಟರ್ ಶ್ರೀಮಂತ ಎಫ್‌ಐಆರ್ ದಾಖಲಿಸಿದರು. ಕಾರ್ಖಾನೆಯ ಎರಡೂ ಶೆಡ್ಡುಗಳಲ್ಲಿ ಕೆಲಸ ಒಂದೇ, ರಾಸಾಯನಿಕ ಒಂದೇ, ಪಾಳಿಯೂ ಒಂದೇ. ಎರಡನೇ ಶೆಡ್ಡಿನಲ್ಲಿ ಮಾತ್ರ ಕೆಮ್ಮು ಹೆಚ್ಚು. ಗಂಡಸರನ್ನು ಪರೀಕ್ಷಿಸಿದರೆ ಮತ್ತೆ ಬೀಡಿಯ ಮಾತು ಬರುತ್ತದೆಂದು ಅವರು ಹೆಂಗಸರ ಉಸಿರನ್ನಷ್ಟೇ ಅಳೆಯಲು ಸರ್ಕಾರಿ ವೈದ್ಯೆಯನ್ನು ಕೇಳಿಕೊಂಡರು. ಶೆಡ್ಡಿಗೆ ಮೂವತ್ತು ಜನ. ಊದುವ ಬಲದ ಸರಾಸರಿ ಮೊದಲ ಶೆಡ್ಡಿನಲ್ಲಿ ನಿಮಿಷಕ್ಕೆ 340 ಲೀಟರ್, ಎರಡನೆಯದರಲ್ಲಿ 270 ಬಂತು.

ಎರಡನೇ ಶೆಡ್ಡಿನ ಮೇಲ್ವಿಚಾರಕ ಅಂಬರೀಷ ನಕ್ಕ. “ಒಬ್ಬೊಬ್ಬರ ದಮ್ಮ ಒಂದೊಂದ ನಮೂನಿ ಇರ್ತದ್ರಿ ಸಾಹೇಬ್ರ. ಅದಕ್ಕ ಜೈಲಿಗೆ ಹಾಕ್ತೀರೇನು?”

ಮಾತು ಸುಳ್ಳಲ್ಲ. ಒಂದೇ ಶೆಡ್ಡಿನೊಳಗೂ ಒಬ್ಬಳಿಂದ ಇನ್ನೊಬ್ಬಳಿಗೆ ವ್ಯತ್ಯಾಸವಿತ್ತು. ವೈದ್ಯೆ ಆ ಏರಿಳಿತದ ಎದುರು ಸರಾಸರಿಗಳ ಅಂತರವನ್ನಿಟ್ಟು ಲೆಕ್ಕ ಹಾಕಿದರು. ಶೆಡ್ಡುಗಳ ನಡುವೆ ನಿಜವಾದ ಭೇದವೇ ಇಲ್ಲದಿದ್ದರೆ, ಬರೀ ಆಕಸ್ಮಿಕವಾಗಿ ಇಷ್ಟು ಅಂತರ ಕಾಣುವುದು ಸಾವಿರಕ್ಕೆ ಒಂದು ಸಲವೂ ಅಲ್ಲ. ಭೇದವಿದೆ ಎಂದಷ್ಟೇ ಲೆಕ್ಕ ಹೇಳುತ್ತದೆ, ಯಾಕೆಂದು ನೀವು ಹುಡುಕಬೇಕು ಎಂದರು.

ಮರುದಿನ ಪಂಚ ಸಾಕ್ಷಿಗಳೊಂದಿಗೆ ಕಾರ್ಖಾನೆಗೆ ಹೋದಾಗ ಕಾನ್‌ಸ್ಟೇಬಲ್ ಮಹೆಬೂಬ ಎರಡನೇ ಶೆಡ್ಡಿನ ಹಿಂದೆ ನಿಂತುಬಿಟ್ಟ. ಕೆಲಸಗಾರರು ಮೂಗಿಗೆ ಕಟ್ಟುವ ಮುಖವಾಡಗಳ, ಗಾಳಿ ಸೋಸುವ ಇದ್ದಿಲಿನ ಡಬ್ಬಿಗಳನ್ನು ಸಾಬೂನಿನಲ್ಲಿ ತೊಳೆದು ಬಟ್ಟೆಯ ಹಾಗೆ ತಂತಿಗೆ ಒಣಹಾಕಿದ್ದರು. ತೊಳೆದ ಇದ್ದಿಲು ವಿಷಗಾಳಿಯನ್ನು ತಡೆಯುವುದಿಲ್ಲ. ತೊಳೆಯಬಾರದೆಂದು ಡಬ್ಬಿಯ ಮೇಲೇ ಅಚ್ಚಾಗಿತ್ತು. ಮೊದಲ ಶೆಡ್ಡಿನಲ್ಲಿ ಹಳೆಯದನ್ನು ಎಸೆದು ಹೊಸ ಡಬ್ಬಿ ಹಾಕುತ್ತಿದ್ದರು. ಪಂಚನಾಮೆ ಮಾಡಿ ಜಪ್ತಿ ಮಾಡಿದರು.

“ಅಜೀತ ಇದನ್ನ ನಿನಗ ಹೇಳಿದ್ನಿಲ್ಲೋ?” ಎಂದು ಶ್ರೀಮಂತ ಅಂಬರೀಷನನ್ನು ಕೇಳಿದರು.

“ಹೇಳಿದ್ದ್ರಿ.”

“ನೀ ಏನಂದಿ?”

“ಭಾಳ ನಾಜೂಕ ಆಗಬ್ಯಾಡ ಅಂದೆ.”

ಅಂದೇ ಸಂಜೆ ಅವನನ್ನು ಬಂಧಿಸಿದರು. ಅಂಬರೀಷ ಅದೇ ಶೆಡ್ಡಿನಲ್ಲಿ ವರ್ಷಗಟ್ಟಲೆ ಮೂಟೆ ಹೊತ್ತವನು. ಹೊಸ ಡಬ್ಬಿ ಕೇಳದೆ ಖರ್ಚು ಉಳಿಸುವ ಮೇಲ್ವಿಚಾರಕನೆಂದು ಮ್ಯಾನೇಜರು ಎಲ್ಲರೆದುರು ಅವನ ಬೆನ್ನು ತಟ್ಟಿದ್ದರು. ಮತ್ತೆ ಮೂಟೆಗೆ ಬೆನ್ನು ಕೊಡಲು ಅವನಿಗೆ ಭಯವಿತ್ತು.

ಠಾಣೆಯಲ್ಲಿ ಆಮ್ರಪಾಲಿ ಅವನನ್ನು ನೋಡಿದಳು.

“ಕೇಸು ಮುಗೀತವ್ವಾ, ಊರಿಗೆ ಹೋಗು,” ಎಂದ ಮಹೆಬೂಬ.

“ಬೆನ್ನ ತಟ್ಟಿದಾಂವ ಇನ್ನಾ ಬಂದಿಲ್ಲಲ್ರಿ,” ಎಂದು ಅವಳು ಬೆಂಚಿನ ಮೇಲೆ ಕುಳಿತಳು.

ಶ್ರೀಮಂತ ಮ್ಯಾನೇಜರಿಗೆ ನೋಟಿಸು ಬರೆಯಲು ಕುಳಿತರು.