ಹಿಂದಿನ ಸೀಟಿನ ದನಿ

ದೊಡ್ಡಮ್ಮ ಆ ಒಂದು ಮಾತು ಆಡದೆ ಇದ್ದಿದ್ದರೆ ಮಂಜೇಶನಿಗೆ ಈ ಉಪಾಯ ಹೊಳೆಯುತ್ತಲೇ ಇರಲಿಲ್ಲ. ದಾರಿ ತೋರಿಸಿದವಳು ಅವಳೇ.

ಸೋಮವಾರಪೇಟೆಯ ರಸ್ತೆ ಬದಿಯಲ್ಲಿದ್ದ ಕಾಫಿ ಮಿಲ್ಲನ್ನು ತನ್ನ ಹೆಸರಿಗೆ ಬರೆದುಕೊಡಿ ಎಂದು ಅವನು ಮತ್ತೊಮ್ಮೆ ಕೇಳಲು ಹೋಗಿದ್ದ. ಮಿಲ್ಲು ನಡೆಸುತ್ತಿದ್ದ ದೊಡ್ಡಪ್ಪ ಪರಮೇಶಪ್ಪ ತೀರಿಕೊಂಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ದೊಡ್ಡಮ್ಮ ವಿಶಾಲಾಕ್ಷಮ್ಮ ಸೆರಗು ಸಿಕ್ಕಿಸಿಕೊಂಡು ತಾನೇ ಕಾಫಿ ಬೀಜದ ಸಿಪ್ಪೆ ಬಿಡಿಸುವ ಯಂತ್ರದ ಪಕ್ಕ ಕೂರುತ್ತಿದ್ದಳು. ಅಂಥ ಮುಖ್ಯರಸ್ತೆಯ ಜಾಗದಲ್ಲಿ ಹೊಟ್ಟು ಹಾರಿಸಿಕೊಂಡು ಕೂರುವುದೆಂದರೆ ಮಂಜೇಶನಿಗೆ ಮೈ ಉರಿಯುತ್ತಿತ್ತು. ಆ ಗುಜರಿಯನ್ನು ಕೆಡವಿ ಗಾಜಿನ ಗೋಡೆಯ ಕಾರ್ ಆಡಿಯೋ ಶೋರೂಮ್ ಕಟ್ಟಬೇಕು, ಕುಶಾಲನಗರದಲ್ಲಿ ಅಂಗಡಿ ಇಟ್ಟುಕೊಂಡಿದ್ದ ಬಾಡಿಗೆ ಗೂಡಿನಿಂದ ಹೊರಗೆ ಬರಬೇಕು. ಅವನಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅಷ್ಟೇ.

ಕಣದಲ್ಲಿ ಕಾಫಿ ಹರವುತ್ತಿದ್ದ ಆಳುಗಳ ಮುಂದೆಯೇ ಅವಳು ಹೇಳಿಬಿಟ್ಟಳು. "ನಾನಾಗಿ ಕೊಡಲ್ಲ ಕಣೋ ಮಂಜ. ನಿನ್ ದೊಡ್ಡಪ್ಪ ಬಂದು ಕೊಡು ಅಂದ್ರೆ ಕೊಡ್ತೀನಿ. ಹೋಗು, ಕರ್ಕೊಂಡ್ ಬಾ."

ಆಳುಗಳು ನಕ್ಕರು. ಚಲುವಮ್ಮ ಎಂಬುವಳಂತೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ದಿನಗೂಲಿಗೆ ಬರುವವರ ಎದುರು ನಗೆಗೀಡಾದೆನಲ್ಲ ಎಂಬ ಅವಮಾನ ಕುಶಾಲನಗರ ತಲುಪುವವರೆಗೂ ಅವನನ್ನು ಕುಟುಕುತ್ತಿತ್ತು. ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅದು ಇಳಿದು, ಮುಖದಲ್ಲಿ ಸಣ್ಣ ನಗು ಮೂಡಿತು. ಕರೆತಂದರಾಯಿತು!

ಇಡೀ ಜಿಲ್ಲೆಯಲ್ಲಿ ಕಿವಿ ಇರುವವನು ತಾನೊಬ್ಬನೇ ಎಂದು ಮಂಜೇಶ ನಂಬಿದ್ದ. ಅವನ ಅಂಗಡಿಗೆ ಬರುವ ತೋಟದ ಮಾಲೀಕರ ಮಕ್ಕಳಿಗೆ ಹಾಡು ಬೇಕಾಗಿರಲಿಲ್ಲ. ನಂಬರ್ ಪ್ಲೇಟು ಅದುರಬೇಕು, ಪಕ್ಕದ ಮನೆಯ ನಾಯಿ ಬೊಗಳಬೇಕು. ಅಂಥವರಿಗೆ ದೇವರು ಕಿವಿ ಕೊಟ್ಟಿದ್ದು ಕನ್ನಡಕ ಸಿಕ್ಕಿಸಲು ಎಂದು ಅವನು ಹಿಂದಿನಿಂದ ಹೇಳುತ್ತಿದ್ದ, ಮುಂದಿನಿಂದ ಇನ್ನೂ ದೊಡ್ಡ ಸಬ್‌ವೂಫರ್ ಮಾರುತ್ತಿದ್ದ. ಅವನ ಕೈಕೆಳಗೆ ಕೆಲಸಕ್ಕಿದ್ದ ನವೀನ್ ಇನ್ನೊಂದು ಬಗೆಯ ಪೆದ್ದ. "ಮಂಜಣ್ಣ, ಬೇಸು ಕಮ್ಮಿ ಮಾಡಣ, ಆ ಗುಡುಗುಡು ಸದ್ದಲ್ಲಿ ಹಾಡಿನ ಮಾತೇ ಕೇಳಲ್ಲ" ಎಂದು ಗಿರಾಕಿಯ ಎದುರಿಗೇ ಅಂದಿದ್ದ. ಅವತ್ತೇ ಮನೆಗೆ ಕಳಿಸಿದ್ದಾಯಿತು. ಈಗ ಸೋಮವಾರಪೇಟೆಯಲ್ಲಿ ಒಂದು ಪೆಟ್ಟಿಗೆ ಅಂಗಡಿ ಇಟ್ಟುಕೊಂಡು ಆಟೋಗಳಿಗೆ ಸ್ಪೀಕರ್ ಕಟ್ಟುತ್ತಿದ್ದಾನಂತೆ. ಅವನ ಯೋಗ್ಯತೆಗೆ ಅದೇ ಹೆಚ್ಚು.

ದೊಡ್ಡಪ್ಪನ ದನಿ ಸಿಗುವುದು ಕಷ್ಟವಾಗಲಿಲ್ಲ. ಮೆಣಸಿನ ಬೆಲೆ ಏರಿದರೂ ಇಳಿದರೂ ಮನೆಯವರ ವಾಟ್ಸ್ಯಾಪ್ ಗುಂಪಿಗೆ ಉದ್ದುದ್ದ ಮಾತಾಡಿ ಕಳಿಸುವ ಚಟ ಆ ಮನುಷ್ಯನಿಗಿತ್ತು. ಬದುಕಿದ್ದಾಗ ಯಾರೂ ಪೂರ್ತಿ ಕೇಳದ ಆ ಪ್ರವಚನಗಳನ್ನು ಮಂಜೇಶ ಶ್ರದ್ಧೆಯಿಂದ ಕೇಳಿ, ಒಂದು ಆ್ಯಪ್‌ಗೆ ಉಣಿಸಿದ. ಇವನು ಬರೆದದ್ದನ್ನು ಅದು ದೊಡ್ಡಪ್ಪನ ದನಿಯಲ್ಲಿ ಓದಿತು. ಆಮೇಲಿನದು ಅವನ ಕಸುಬು. ದನಿಯ ಚೂಪನ್ನೆಲ್ಲ ಸವರಿ ತೆಗೆದು, ಬೇಸು ಏರಿಸಿ ಗಡಸು ತುಂಬಿ, ಬಾವಿಯೊಳಗಿಂದ ಬಂದಂತೆ ಮಾಡಿದ. ಬೇರೆ ಯಾರ ಕೈಲೂ ಆಗದ ಕೆಲಸ ಎಂದು ತನ್ನನ್ನು ತಾನೇ ಮೆಚ್ಚಿಕೊಂಡ.

"ವಿಶಾಲಾ, ಮಿಲ್ಲು ಮಂಜೇಶನಿಗೆ ಬರೆದುಕೊಡು. ನನಗೆ ಸಮಾಧಾನ ಇಲ್ಲ." ಇಷ್ಟೇ. ಸತ್ತವರು ಹೆಚ್ಚು ಮಾತಾಡಬಾರದು.

ಸಂಕ್ರಾಂತಿಗೆ ಉಡುಗೊರೆಯೆಂದು ದೊಡ್ಡಮ್ಮನ ಹಳೆಯ ಕಾರಿಗೆ ಹೊಸ ಸ್ಟೀರಿಯೋ, ಹಿಂದೆ ಮುಂದೆ ಸ್ಪೀಕರು, ಸೀಟಿನ ಕೆಳಗೆ ಆಂಪ್ಲಿಫೈಯರ್ ಹಾಕಿಕೊಟ್ಟ. ಅವಳು ದುಡ್ಡು ಚಾಚಿದಾಗ ಕೈ ಮುಗಿದು, "ಮನೆಯವನ ಹತ್ರ ಲೆಕ್ಕ ಇಡ್ತಾರಾ ದೊಡ್ಡಮ್ಮ?" ಎಂದ. ಡ್ಯಾಶ್‌ಬೋರ್ಡಿನ ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದು ಕೂತಿತ್ತು. ಅದರೊಳಗೊಂದು ಸಿಮ್ಮು. ಕಾರಿನ ಕೀ ತಿರುಗಿದರೆ ಮಾತ್ರ ಅದಕ್ಕೆ ಜೀವ. ಆಗ ಇವನು ಕರೆ ಮಾಡಿದರೆ ಅದು ತಾನಾಗಿ ಎತ್ತಿಕೊಳ್ಳುತ್ತಿತ್ತು. ಇವನ ಫೋನಿನ ಬಳಿ ಆದ ಸದ್ದೆಲ್ಲ ಆಂಪ್ಲಿಫೈಯರ್‌ಗೆ ಹೋಗಿ ಹಿಂದಿನ ಸೀಟಿನ ಕಡೆಯಿಂದ ಹೊರಡುತ್ತಿತ್ತು. ಸಿಮ್ಮು ಸಿದ್ದಾಪುರದ ತೋಟವೊಂದರಲ್ಲಿ ಕೂಲಿಯವರಿರುವ ಲೈನುಮನೆಯ ಯಾರದೋ ಹೆಸರಿನಲ್ಲಿತ್ತು. ಕರೆ ಮಾಡಲು ಒಂದು ಗುಂಡಿ ಫೋನು, ದನಿ ನುಡಿಸಲು ತನ್ನ ಮೊಬೈಲು. ಕೆಲಸ ಮುಗಿದ ಮೇಲೆ ಸರ್ವೀಸ್ ಮಾಡುತ್ತೇನೆಂದು ಕಾರು ತರಿಸಿ ಡಬ್ಬಿ ಬಿಚ್ಚಿ ಹೊಳೆಗೆ ಎಸೆದರೆ ಕತೆ ಮುಗಿಯಿತು. ಅವಳು ಊರಿಗೆಲ್ಲ ಸಾರಿದರೂ ಏನು? ಗಂಡ ಸತ್ತ ಮುದುಕಿಗೆ ಗಂಡನ ದನಿ ಕೇಳಿದರೆ ಜನ ಪೊಲೀಸರನ್ನು ಕರೆಯುವುದಿಲ್ಲ, ಅಯ್ಯೋ ಪಾಪ ಅನ್ನುತ್ತಾರೆ.

ಅವಳು ಕಾರು ಹತ್ತುವ ಹೊತ್ತು ನೋಡಿಕೊಂಡು ಅವನು ದಿನಾ ದನಿ ನುಡಿಸತೊಡಗಿದ. ಉಪಾಯ ಅವನೆಣಿಸಿದ್ದಕ್ಕಿಂತ ಬೇಗ ಫಲಿಸಿತು. ದೊಡ್ಡಮ್ಮ ಕಾರಿನಲ್ಲಿ ರೇಡಿಯೋ ಹಾಕುವುದನ್ನು ಬಿಟ್ಟಳು. ಕಿಟಕಿಗಳನ್ನು ಪೂರ್ತಿ ಏರಿಸಿಕೊಂಡು ಓಡಿಸತೊಡಗಿದಳು. ಒಮ್ಮೆ ಮಾದಾಪುರದ ದಾರಿಯಲ್ಲಿ ಕಾರು ಬದಿಗೆ ನಿಲ್ಲಿಸಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಅವನೇ ಕಂಡ. ಅವನಿಗೆ ಮರುಕ ಬರಲಿಲ್ಲ. ಇಷ್ಟು ಸುಲಭವೇ ಎಂದು ಬೇಸರವಾಯಿತು.

"ದೊಡ್ಡಮ್ಮ ದಿನಾ ಕೆಲಸ ಇಲ್ದಿದ್ರೂ ಕಾರ್ ತಗೊಂಡು ಒಂದು ಸುತ್ತು ಹೋಗ್ತಾರಂತೆ" ಎಂದಳು ಅವನ ಹೆಂಡತಿ ದಿವ್ಯಶ್ರೀ. "ಹಿಂದಿನ ಸೀಟಿಗೆ ಹೂವು ಬೇರೆ ಇಡ್ತಾರಂತೆ. ನಂಗ್ಯಾಕೋ ಭಯ ಆಗುತ್ತೆ ಕಣ್ರೀ."

"ವಯಸ್ಸಾಯ್ತಲ್ಲ" ಎಂದ ಮಂಜೇಶ, ಅನ್ನ ಕಲಸುತ್ತ. ಹೆಂಡತಿಗೆ ಅವನು ಏನನ್ನೂ ಹೇಳಿರಲಿಲ್ಲ. ಅವಳ ಬಾಯಲ್ಲಿ ಒಂದು ಗುಟ್ಟು ಬೀದಿಯ ಕೊನೆಯವರೆಗೂ ನಿಲ್ಲುವುದಿಲ್ಲ ಎಂದು ಅವನ ಲೆಕ್ಕ.

ಕೊನೆಗೆ ಕರೆ ಬಂತು. "ಮಂಜ, ನಿನ್ ದೊಡ್ಡಪ್ಪ ಬರ್ತಾರೆ ಕಣೋ ಕಾರಿಗೆ. ನಗಬ್ಯಾಡ. ನಾಳೆ ಬೆಳಿಗ್ಗೆ ಮಿಲ್ಲಿನ ಹತ್ರ ಬಾ. ವಕೀಲರನ್ನೂ ಕರೆದಿದೀನಿ. ನಿನ್ ದೊಡ್ಡಪ್ಪ ಹೇಳೋದನ್ನ ನಾಕು ಜನರ ಮುಂದೆ ಕೇಳಿ, ಅವರು ಅಂದಂಗೇ ಮಾಡಿಬಿಡ್ತೀನಿ." ಅವನು ಬಾಯಿ ತೆರೆಯುವಷ್ಟರಲ್ಲಿ ಫೋನು ಇಟ್ಟಿದ್ದಳು. ಯಾವತ್ತೂ ಹೀಗೇ, ತನ್ನದು ಒದರಿ ಮುಗಿಸುವುದು, ಎದುರಿನವರ ಮಾತು ಕೇಳುವ ಸೌಜನ್ಯವೇ ಇಲ್ಲ. ಇರಲಿ. ನಾಳೆಯಿಂದ ಅವಳ ಸೌಜನ್ಯ ಯಾರಿಗೆ ಬೇಕು?

ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ದಾನಪತ್ರದ ಕರಡನ್ನು ಮಡಚಿಟ್ಟುಕೊಂಡು ಅವನು ಸೋಮವಾರಪೇಟೆಗೆ ಹೊರಟ. ಮಿಲ್ಲಿನ ಗೇಟಿನ ಹೊರಗೆ ನಿಂತು ಇಣುಕಿದ. ಯಂತ್ರ ನಿಲ್ಲಿಸಿದ್ದರು. ಕಣದ ನಡುವೆ ಕಾರು, ಎಂಜಿನ್ ಚಾಲೂ ಇತ್ತು, ದೊಡ್ಡಮ್ಮ ಡ್ರೈವರ್ ಸೀಟಿನಲ್ಲಿ ಕೂತಿದ್ದಳು. ಸುತ್ತ ಚಲುವಮ್ಮ ಮತ್ತು ಉಳಿದ ಆಳುಗಳು, ಕುರ್ಚಿಯಲ್ಲಿ ವಕೀಲರು. ಕಾರಿನ ಡಿಕ್ಕಿ ತೆರೆದಿತ್ತು, ಅದರೊಳಗೆ ಯಾರೋ ಬಗ್ಗಿ ಏನೋ ಮಾಡುತ್ತಿದ್ದ. ನಕ್ಕವರೆಲ್ಲ ಸಾಲಾಗಿ ನಿಂತಿರುವುದು ಕಂಡು ಮಂಜೇಶನಿಗೆ ಹಾಯೆನಿಸಿತು. ಕೇಳಿಕೊಳ್ಳಲಿ. ಗೇಟಿನ ಕಂಬದ ಮರೆಯಲ್ಲಿ ಗುಂಡಿ ಫೋನಿನಿಂದ ಕರೆ ಮಾಡಿ, ಅದಕ್ಕೆ ಮೊಬೈಲು ತಾಗಿಸಿ ದನಿ ನುಡಿಸಿದ.

"ವಿಶಾಲಾ!" ಎಂದು ದೊಡ್ಡಪ್ಪ ಕಣದ ತುಂಬ ಗುಡುಗಿದ. ಮಾಡಿನ ಪಾರಿವಾಳಗಳು ಎದ್ದು ಹಾರಿದವು. "ಮಿಲ್ಲು ಮಂಜೇಶನಿಗೆ ಬರೆದುಕೊಡು. ನನಗೆ ಸಮಾಧಾನ ಇಲ್ಲ." ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ನಿಚ್ಚಳವಾಗಿ ಕೇಳಿತು. ಇವನು ತುಂಬಿದ ಗಡಸೂ ಇಲ್ಲ, ಬಾವಿಯೂ ಇಲ್ಲ. ಚಲುವಮ್ಮ ಚೀರಿದಳು. ವಕೀಲರು ಎದ್ದು ನಿಂತರು. ಡಿಕ್ಕಿಯಿಂದ ತಲೆ ಎತ್ತಿದವನು ನವೀನ್. ಮಂಜೇಶ ಎಲ್ಲಿ ಎಂದು ಎಲ್ಲರೂ ಗೇಟಿನ ಕಡೆ ತಿರುಗಿದ್ದರಿಂದ ಮಂಜೇಶ ಎರಡೂ ಫೋನುಗಳನ್ನು ಗಬಕ್ಕನೆ ಅಂಗಿ ಜೇಬಿಗೆ ತುರುಕಿ, ಆಶ್ಚರ್ಯದ ಮುಖ ಹೊತ್ತು ಒಳಗೆ ಬಂದ.

ದೊಡ್ಡಮ್ಮ ಕಾರಿನಿಂದ ಇಳಿದು ಅವನ ಎರಡೂ ಕೈ ಹಿಡಿದುಕೊಂಡಳು. ಕೆನ್ನೆ ಒದ್ದೆಯಾಗಿತ್ತು. "ಇವತ್ತು ಕೇಳ್ತು ಕಣೋ ಮಂಜ! ಇಷ್ಟ್ ದಿನ ದನಿ ಅವರದೇ ಅಂತ ಗೊತ್ತಾಗ್ತಿತ್ತು, ಏನು ಹೇಳ್ತಾರೆ ಅಂತ ಒಂದಕ್ಷರ ತಿಳೀತಿರಲಿಲ್ಲ. ನಿಂಗೆ ಹೇಳಿದ್ರೆ ಮತ್ತೆ ದುಡ್ಡು ಬ್ಯಾಡ ಅಂತೀಯ ಅಂತ ನವೀನನ್ನ ಕರೆಸಿ, ಮಾತು ಬಿಡಿಸಿ ಕೇಳೋ ಹಂಗೆ ದೊಡ್ಡ ಸ್ಪೀಕರ್ ಹಾಕ್ಸಿದೆ. ಈ ಮಿಲ್ಲಿನ ಸದ್ದಲ್ಲಿ ಕೂತು ಕೂತು ನನ್ ಕಿವಿ ಹೋಗಿ ಎಷ್ಟು ವರ್ಷ ಆಯ್ತು, ಬಾಯಿ ನೋಡ್ಕೊಂಡು ಮಾತು ಹಿಡೀತೀನಿ ಅಷ್ಟೆ. ಸ್ವಂತ ದೊಡ್ಡಮ್ಮಂಗೆ ಕಿವಿ ಕೇಳಲ್ಲ ಅಂತ ನಿಂಗೆ ಗೊತ್ತೇ ಇಲ್ವೇನೋ?" ಮಂಜೇಶ ಉತ್ತರಿಸುವ ಮೊದಲೇ, ಅವನ ಎದೆಗೆ ತೀರ ಹತ್ತಿರ ಬಾಗಿ ಅವಳು ಕೇಳಿದ ಆ ಕೊನೆಯ ಮಾತು ಅವನ ಜೇಬಿನಿಂದ ಕಾರಿಗೆ ಹೋಗಿ ಹಿಂದಿನ ಸೀಟಿನಿಂದ ಕಣದ ತುಂಬ ಮೊಳಗಿತು: "ಕಿವಿ ಕೇಳಲ್ಲ ಅಂತ ನಿಂಗೆ ಗೊತ್ತೇ ಇಲ್ವೇನೋ?" ವಿಶಾಲಾಕ್ಷಮ್ಮ ಬೆಚ್ಚಿ ಕಾರಿನ ಕಡೆ ತಿರುಗಿದಳು. ನವೀನ್ ಕಾರನ್ನು ನೋಡಲಿಲ್ಲ. ಬಿಳಿ ಅಂಗಿಯ ಜೇಬಿನಲ್ಲಿ ಹೊಳೆಯುತ್ತಿದ್ದ ಬೆಳಕನ್ನೇ ನೋಡುತ್ತ, "ಮಂಜಣ್ಣ, ಮೊದ್ಲು ಆ ಫೋನ್ ಕಟ್ ಮಾಡಿ" ಎಂದ.