ಎರಡನೇ ಫ್ಯಾಕ್ಟರಿ

ಸಿಡುಕಿ ಎಸೆದ ಕಾಫಿ ಮಗ್ ಗೂಬೆಯ ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿದು ಚೂರಾಯಿತು.

ಆಫೀಸಿನಲ್ಲಿ ಅವಳಿಗೆ ಸಿಡುಕಿ, ಅವನಿಗೆ ಗೂಬೆ ಎಂದೇ ಹೆಸರು. ಕಟ್ಟಡದ ಬಾಗಿಲು, ಕ್ಯಾಮೆರಾಗಳನ್ನು ನಡೆಸುವ ಜಾವಾ ಪ್ರೋಗ್ರಾಂ ಇವರಿಬ್ಬರ ತಲೆಗೆ ಕಟ್ಟಲಾಗಿತ್ತು. ‘ಡೋರ್’ ಎಂದು ಶುರುವಾಗುವ ವಿಳಾಸ ಕೊಟ್ಟರೆ ಬಾಗಿಲು ಮಾತು ಕೇಳಬೇಕು. ಹಾಗೆ ಕೇಳಿಸುವ ಕೋಡಿನ ತುಣುಕು, ಅಂದರೆ ಹ್ಯಾಂಡ್ಲರ್, ಅವಳದು. ‘ಕ್ಯಾಮ್’ ಎಂದರೆ ಕ್ಯಾಮೆರಾ, ಅದು ಅವನದು. ಆದರೆ ಹ್ಯಾಂಡ್ಲರ್‌ಗಳನ್ನು ಒದಗಿಸುವ ‘ಫ್ಯಾಕ್ಟರಿ’ ಎಂಬ ಕೋಡನ್ನು ಒಂದು ಪ್ರೋಗ್ರಾಂನಲ್ಲಿ ಒಂದೇ ಸಲ ಕೂರಿಸಬಹುದು. ಎರಡನೆಯದು ಬಂತೋ, ಎಲ್ಲ ಮಗುಚಿ ಬೀಳುತ್ತದೆ. ಇವರು ಹಟಕ್ಕೆ ಬಿದ್ದು ತಲಾ ಒಂದೊಂದು ಕೂರಿಸಿದ್ದರು.

“ನಿನ್ನದನ್ನ ತೆಗಿ.”

“ಹಣೆ ಒಡೆದ್ರೂ ತೆಗಿಯಲ್ಲ.”

“ಒಡೀಲಾ?”

ಅವನು ಕನ್ನಡಕ ತೆಗೆದು ಹಣೆಯನ್ನು ಮುಂದೆ ಚಾಚಿದ. ಕಣ್ಣಲ್ಲಿ ತುಂಟನಗು. ಹಾಳಾದವನಿಗೆ ರೆಪ್ಪೆಗಳೆಷ್ಟು ಉದ್ದ! ಅವಳ ಸಿಟ್ಟು ಅರ್ಧ ಇಳಿಯಿತು.

ಅಷ್ಟರಲ್ಲಿ ಕೆಳಗೆ ಯಾರೋ ಚೀರಿದರು. ಕಬ್ಬಿಣದ ರಾಡ್ ಹಿಡಿದು ಅವಳ ಅಣ್ಣ ಮೆಟ್ಟಿಲು ಹತ್ತಿ ಬರುತ್ತಿದ್ದ. ತಡೆಯಲು ಹೋದ ವಾಚ್‌ಮನ್ ಬಾಯಲ್ಲಿ ರಕ್ತ.

“ಎಲ್ಲಿ ಅವನು? ನನ್ನ ತಂಗಿ ತಲೆ ಕೆಡಿಸಿದೋನು? ಕೈಕಾಲು ಮುರೀತೀನಿ!”

ಯಾರೋ ಅಣ್ಣನಿಗೆ ಚಾಡಿ ಹೇಳಿದ್ದರು. ಪ್ರೀತಿಯ ಒಂದು ಮಾತನ್ನೂ ಇವರಿನ್ನೂ ಆಡಿರಲಿಲ್ಲ, ಊರಿಗೆಲ್ಲ ಮೊದಲೇ ಗೊತ್ತಾಗಿತ್ತು.

ಗಾಜಿನ ಬಾಗಿಲಿಗೆ ಬೀಗ ಹಾಕೋಣವೆಂದರೆ ಪ್ರೋಗ್ರಾಂ ಸತ್ತು ಬಿದ್ದಿತ್ತು. ಗೂಬೆ ಕೀಬೋರ್ಡ್ ಎಳೆದುಕೊಂಡು ತನ್ನ ಫ್ಯಾಕ್ಟರಿಯ ಸಾಲನ್ನು ಅಳಿಸಿಬಿಟ್ಟ.

“ಈಗ ನಿನ್ನದು ಓಡುತ್ತೆ. ಬೀಗ ಹಾಕು,” ಎಂದವನೇ ಹೋಗಿ ಬಾಗಿಲಿಗೆ ಭುಜ ಕೊಟ್ಟು ನಿಂತ.

ಪ್ರೋಗ್ರಾಂ ಏಳುವಷ್ಟರಲ್ಲಿ ಅಣ್ಣ ಬಾಗಿಲನ್ನು ಅರ್ಧ ತಳ್ಳಿದ್ದ. ಸಂದಿಯಿಂದಲೇ ರಾಡ್ ಬೀಸಿದ. ಮೊದಲ ಏಟು ಭುಜಕ್ಕೆ ಬಿತ್ತು, ಮುಂದಿನದು ಮುಂಗೈಗೆ. ಮೂಳೆ ಲಟಕ್ಕೆಂದದ್ದು ಅವಳಿಗೂ ಕೇಳಿಸಿತು. ಗೂಬೆ ಹಲ್ಲು ಕಚ್ಚಿಕೊಂಡು ಒತ್ತಿದ. ಬಾಗಿಲು ಮುಚ್ಚಿಕೊಂಡದ್ದೇ ತಡ, ಅವಳು ಎಂಟರ್ ಒತ್ತಿದಳು. ಬೀಗ ಬಿತ್ತು.

ಅವನು ಅಲ್ಲೇ ಕುಸಿದ. ಅವಳು ಓಡಿಹೋಗಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

“ನಿನ್ನದನ್ನ ಯಾಕೋ ಅಳಿಸ್ದೆ, ಪೆದ್ದ?”

“ನೀನು ಒಳಗಿದ್ಯಲ್ಲ.”

ಆ ಕಡೆಯಿಂದ ರಾಡ್ ಬಡಿಯಿತು. ಗಾಜು ಉದ್ದಕ್ಕೂ ಬಿರುಕು ಬಿಟ್ಟಿತು.

“ಹೇಳೇ! ಏನಾಗ್ಬೇಕು ಅವನು ನಿನಗೆ?”

ಮನೆಯಲ್ಲಿ ಅಣ್ಣ ದನಿ ಏರಿಸಿದರೆ ಅವಳು ತಲೆ ತಗ್ಗಿಸಿಬಿಡುತ್ತಿದ್ದಳು. ಇವತ್ತು ತಲೆ ಎತ್ತಿ ಅಣ್ಣನನ್ನೇ ನೋಡಿದಳು. ಭಯವಿತ್ತು, ಅದಕ್ಕಿಂತ ಹೆಚ್ಚಾಗಿ ಗೂಬೆಯ ಮೇಲಿನ ಪ್ರೀತಿಯಿತ್ತು.

“ನನ್ನ ಗಂಡ ಆಗೋನು. ಒಡಿ ಗಾಜು. ಒಳಗೆ ಬಂದ್ರೆ ಮೊದಲ ಏಟು ನನಗೇ ಹಾಕು.”

ಎತ್ತಿದ ರಾಡ್ ಗಾಳಿಯಲ್ಲೇ ನಿಂತಿತು. ವಾಚ್‌ಮನ್ ಕರೆಸಿದ್ದ ಪೊಲೀಸರು ಹಿಂದಿನಿಂದ ಬಂದು ಅಣ್ಣನ ತೋಳು ತಿರುಚಿ ನೆಲಕ್ಕೆ ಕೆಡವಿದರು. ಆಗ ಅವಳಿಗೆ ಅಳು ಉಕ್ಕಿ ಬಂತು.

ಮಡಿಲಲ್ಲಿದ್ದವನು ನೋವಿನಲ್ಲೂ ಒಂದು ಕಣ್ಣು ತೆರೆದ.

“ಗಂಡನ್ನ ಒಂದು ಮಾತು ಕೇಳೋದು ಬೇಡ್ವಾ?”

“ಬಾಯಿ ಮುಚ್ಕೊಂಡು ಹೂಂ ಅನ್ನು.”

ಅವನು ಹೂಂ ಅಂದ.